ಕುಮಟಾದಲ್ಲಿ ಕೂತವರಿಗೆ ಬೆಂಗಳೂರಿನ ವಿಳಾಸ

ಕುಮಟಾದಲ್ಲಿ ಕೂತು ಹವಾಮಾನ ನೋಡಿದರೆ ಕೆಲವು ವೆಬ್‌ಸೈಟ್‌ಗಳು ಬೆಂಗಳೂರಿನ ಮಳೆ ತೋರಿಸುತ್ತವೆ. ಹೊನ್ನಾವರದವರಿಗೆ ಮುಂಬೈ ಅಂಗಡಿಗಳ ಜಾಹೀರಾತು ಬರುವುದೂ ಉಂಟು. ಇದು ಫೋನಿನ ದೋಷವಲ್ಲ. ಇಂಟರ್ನೆಟ್ಟಿಗೆ ಊರು ಗೊತ್ತಿಲ್ಲ, ಗೊತ್ತಿರುವುದು ಐಪಿ ಸಂಖ್ಯೆ ಮಾತ್ರ. ಅದೂ ಬಹಳ ಸಲ ನಮ್ಮದಲ್ಲ, ಮೊಬೈಲ್ ಕಂಪನಿಯದು.

ಭಟ್ಕಳದ ತಾಯಿಯೊಬ್ಬರು ದುಬೈಯಲ್ಲಿರುವ ಮಗನಿಗೆ ಮಾಡುವ ಕರೆಯನ್ನೇ ನೋಡಿ. ಅಲ್ಲಿ ವಾಟ್ಸ್‌ಆ್ಯಪ್ ಕರೆಗೆ ನಿರ್ಬಂಧ, ಹಾಗಾಗಿ ಬೋಟಿಮ್ ಎಂಬ ಆ್ಯಪ್. ತಾಯಿಯ ಒಂದು ಸೆಕೆಂಡಿನ ಮಾತು ಸಾಮಾನ್ಯವಾಗಿ 50 ಪ್ಯಾಕೆಟ್‌ಗಳಾಗಿ ತುಂಡಾಗುತ್ತದೆ. ಪ್ರತಿಯೊಂದರ ತಲೆಗೂ ಕನಿಷ್ಠ 20 ಬೈಟ್‌ಗಳ ಒಕ್ಕಣೆ: ಕಳಿಸಿದವರ ಸಂಖ್ಯೆ, ತಲುಪಬೇಕಾದ ಸಂಖ್ಯೆ, ಜೊತೆಗೆ ಆಯುಸ್ಸು. ಹೌದು, ಆಯುಸ್ಸು. ದಾರಿಯ ಪ್ರತಿ ರೌಟರ್ ಅದರಲ್ಲಿ ಒಂದನ್ನು ಕಳೆಯುತ್ತದೆ, ಸೊನ್ನೆಯಾದರೆ ಪ್ಯಾಕೆಟ್ ಅಲ್ಲೇ ಕಸ. ಇಲ್ಲದಿದ್ದರೆ ದಾರಿ ತಪ್ಪಿದವು ಸುತ್ತುತ್ತಲೇ ಇರುತ್ತಿದ್ದವು. 1981ರಲ್ಲಿ ಬರೆದಿಟ್ಟ ಈ ನಿಯಮ ಇಂದಿಗೂ ನಡೆಯುತ್ತಿದೆ.

ರೌಟರ್ ಮಾತು ಕೇಳುವುದಿಲ್ಲ. ಸಂಖ್ಯೆಯ ಮುಂಭಾಗ ನೋಡಿ ಮುಂದಿನ ದಾರಿಗೆ ತಳ್ಳುತ್ತದೆ, ಅಷ್ಟೆ. ಹಿಂದುಮುಂದಾಗಿ ಬಂದವನ್ನು ಜೋಡಿಸುವುದು ದುಬೈಯ ಫೋನಿನ ಕೆಲಸ. ಫೋಟೊದ ತುಣುಕು ಕಳೆದರೆ ಮತ್ತೆ ತರಿಸಿಕೊಳ್ಳಬಹುದು. ಮಾತಿನದು ಕಳೆದರೆ ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ, ತಡವಾಗಿ ಬಂದ ಅಕ್ಷರದಿಂದ ಏನು ಪ್ರಯೋಜನ? ಕರೆಯಲ್ಲಿ ದನಿ ಕತ್ತರಿಸಿದಂತಾಗುವುದು ಹೆಚ್ಚಾಗಿ ಇದರಿಂದಲೇ.

ದಾರಿಯೇ ತುಂಡಾದರೆ? ಮುಂಬೈ ಮತ್ತು ಯುಎಇಯ ಫುಜೈರಾಗಳನ್ನು ಮುಟ್ಟುವ ಸೀ-ಮಿ-ವಿ 4 ಎಂಬ ಸಮುದ್ರದಡಿಯ ಕೇಬಲ್ 2008ರ ಜನವರಿ 30ರಂದು ಅಲೆಕ್ಸಾಂಡ್ರಿಯಾ ಬಳಿ ತುಂಡಾಯಿತು. ದುಬೈ ಬಳಿ ಇನ್ನೊಂದು ಕೇಬಲ್ ಕೂಡ ಕೆಲವೇ ದಿನಗಳಲ್ಲಿ ಹೋಯಿತು. ಭಾರತದ ಇಂಟರ್ನೆಟ್ ನಿಧಾನವಾಯಿತು, ನಿಲ್ಲಲಿಲ್ಲ. ಪಶ್ಚಿಮಕ್ಕೆ ಹೋಗಬೇಕಿದ್ದ ಪ್ಯಾಕೆಟ್‌ಗಳು ಪೂರ್ವದ ದಾರಿ ಹಿಡಿದವು.

ಇನ್ನು, ವೆಬ್‌ಸೈಟ್‌ಗಳಿಗೆ ನಮ್ಮ ಊರು ತಪ್ಪಲು ಒಂದು ಮುಖ್ಯ ಕಾರಣ ಐಪಿ ಸಂಖ್ಯೆಗಳ ಬರ. ಹಳೆಯ ಪದ್ಧತಿಯಲ್ಲಿ ಇರುವುದು ಸುಮಾರು 429 ಕೋಟಿ ವಿಳಾಸ. ಅದರ ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಬರಿದಾಯಿತು. ಹಾಗಾಗಿ ಮೊಬೈಲ್ ಕಂಪನಿಗಳು ನೂರಾರು ಫೋನ್‌ಗಳನ್ನು ಒಂದೇ ಸಂಖ್ಯೆಯ ಹಿಂದೆ ನಿಲ್ಲಿಸುತ್ತವೆ, ಹೊರಗೆ ಕಾಣುವುದು ಆ ಸಂಖ್ಯೆಯ ಊರೇ. ಹೀಗೆ ಹೊರಟ ಬಾಗಿಲಿನ ಹೆಸರು ಅಂಟುವುದು ಕುಮಟಾಕ್ಕೆ ಹೊಸತೇನಲ್ಲ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಈ ಬಂದರಿನಿಂದ ಮುಂಬೈಗೆ ಹೋಗುತ್ತಿತ್ತು, ಪೇಟೆಯಲ್ಲಿ ಅದರ ಹೆಸರೇ ‘ಕುಮಟಾ ಹತ್ತಿ’. ಬೆಳೆದ ಹೊಲ ಯಾವುದೋ, ಹೆಸರು ಮಾತ್ರ ಹೊರಟ ಬಾಗಿಲಿನದು. ಈಗ ಕುಮಟಾದ ಫೋನಿಗೆ ಬೆಂಗಳೂರಿನದೋ ಮುಂಬೈಯದೋ ಬಾಗಿಲು.

128 ಬಿಟ್‌ಗಳ ಹೊಸ ಪದ್ಧತಿ ಐಪಿವಿ6ರಲ್ಲಿ ಈ ಬರವಿಲ್ಲ, ನಮ್ಮ ಅನೇಕ ಮೊಬೈಲ್‌ಗಳಿಗೆ ಅದು ಬಂದೂ ಆಗಿದೆ. ಆದರೆ ಹಳೆಯ ಪದ್ಧತಿ ಬಿಡದ ವೆಬ್‌ಸೈಟ್‌ಗೆ ಹೋಗಬೇಕಾದರೆ ಮತ್ತೆ ಹಂಚಿಕೊಂಡ ಸಂಖ್ಯೆಯೇ ಗತಿ.

ಹೀಗಿರುವಾಗ ಬರೀ ಐಪಿ ಸಂಖ್ಯೆಯಿಂದ ವಂಚಕನ ಮನೆ ಸಿಗುವುದಿಲ್ಲ. ಆ ಕ್ಷಣದಲ್ಲಿ ಅದರ ಹಿಂದೆ ಯಾರಿದ್ದರು ಎಂಬುದೇ ಮುಖ್ಯ. ಆನ್‌ಲೈನ್ ಮೋಸವಾದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಘಟನೆಯ ದಿನಾಂಕ, ಗಂಟೆ, ನಿಮಿಷಗಳನ್ನು ತಪ್ಪದೆ ಬರೆದಿಡಿ.