ಸ್ಕಾಟ್ಲೆಂಡಿನ ಹಾಡು, ಹಾಡುಗಾರರು

ಸ್ಕಾಟ್ಲೆಂಡಿನ ಸಂಗೀತವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಬ್ಯಾಗ್‌ಪೈಪ್ ವಾದ್ಯ. ನಮ್ಮ ಸೈನ್ಯದ ದಳಗಳು ಕವಾಯತಿನಲ್ಲಿ ಅದನ್ನು ಊದಿಕೊಂಡು ಹೋಗುವುದನ್ನು ನೀವೂ ಕೇಳಿರಬಹುದು. ಕಂಕುಳಲ್ಲಿ ಗಾಳಿ ತುಂಬಿದ ಚೀಲ. ಸ್ವರ ನುಡಿಸಲು ಒಂದು ಕೊಳವೆ, ಅದರಲ್ಲಿ ದೊರೆಯುವುದು ಒಂಬತ್ತೇ ಸ್ವರ. ಹೆಗಲ ಮೇಲೆ ನಿಮಿರಿ ನಿಂತ ಬೇರೆ ಮೂರು ಕೊಳವೆಗಳಿಂದ ಎಡೆಬಿಡದ ಶ್ರುತಿ. ಓಲಗದಲ್ಲಿ ಶ್ರುತಿ ಹಿಡಿದು ನಿಂತವನನ್ನು ಕಂಡ ನಮಗೆ ಇದೇನೂ ಪರಕೀಯವೆನಿಸದು. ಆದರೆ ಕವಾಯತಿನ ಧಾಟಿಯೇ ಆ ವಾದ್ಯದ ಸರ್ವಸ್ವವಲ್ಲ. ಅದರ ಪ್ರೌಢ ಸಂಗೀತಕ್ಕೆ ಪಿಬ್ರಾಕ್ ಎಂದು ಹೆಸರು. ಮೂಲ ಧಾಟಿಯನ್ನು ಮೊದಲು ನಿಧಾನವಾಗಿ ನುಡಿಸಿ, ಆಮೇಲೆ ಅದನ್ನೇ ಹಂತಹಂತವಾಗಿ ಅಲಂಕರಿಸುತ್ತ ಹೋಗಿ, ಕೊನೆಗೆ ಮೂಲಕ್ಕೇ ಮರಳುತ್ತಾರೆ. ಹಿಂದೆ ಗುರುಗಳು ಇದನ್ನು ಕಲಿಸುತ್ತಿದ್ದುದು ಬಾಯಿಪಾಠದಿಂದ. ಸ್ವರಕ್ಕೊಂದು, ಗಮಕಕ್ಕೊಂದು ಅಕ್ಷರವಿಟ್ಟು ಕಟ್ಟಿದ ಸೊಲ್ಲುಗಳಿಂದ. ಮೃದಂಗದ ಪಾಠ ಕೇಳಿದವರಿಗೆ ಹೆಚ್ಚಿನ ವಿವರಣೆ ಬೇಕಿಲ್ಲ.

ವಾದ್ಯದ ಮಾತು ಇಷ್ಟು ಸಾಕು. ಹೇಳಬೇಕೆಂದಿರುವುದು ಹಾಡಿನ ವಿಷಯ.

ಅಮೆರಿಕದ ವಿದ್ವಾಂಸ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಎಂಬಾತ 1882ರಿಂದ 1898ರ ವರೆಗೆ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡುಗಳ 305 ಕಥನಗೀತಗಳನ್ನು ಪರಿಷ್ಕರಿಸಿ ಪ್ರಕಟಿಸಿದನು. ಬಹುಪಾಲು ಹಸ್ತಪ್ರತಿ ಮತ್ತು ಅಚ್ಚಾದ ಪುಸ್ತಕಗಳಿಂದ ಆಯ್ದವು. ಆ ಹಾಡುಗಳ ಕಾಲ ಮುಗಿಯಿತು, ಉಳಿದಿರುವುದು ಗ್ರಂಥದಲ್ಲಿ ಮಾತ್ರ ಎಂದು ಪಂಡಿತರಲ್ಲಿ ಹಲವರು ತಿಳಿದಿದ್ದರು. ಪಂಡಿತರಿಗೆ ಇದು ಸಹಜವಾದ ಭ್ರಮೆ. ಓಲೆಗರಿಯಲ್ಲಿ ಇದ್ದರೆ ಪ್ರಮಾಣ, ಅಜ್ಜಿಯ ಬಾಯಲ್ಲಿ ಇದ್ದರೆ ಅಪಭ್ರಂಶ ಎನ್ನುವ ರೂಢಿಯಲ್ಲಿ ಬೆಳೆದ ನನ್ನಂಥವನು ಅವರನ್ನು ಹಳಿಯುವಂತಿಲ್ಲ.

1951ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾನಿಲಯದಲ್ಲಿ ಸ್ಕಾಟಿಷ್ ಅಧ್ಯಯನ ಶಾಲೆ ಪ್ರಾರಂಭವಾಯಿತು. ಹಾಮಿಷ್ ಹೆಂಡರ್ಸನ್ ಎಂಬ ಕವಿ ಧ್ವನಿಮುದ್ರಣ ಯಂತ್ರವನ್ನು ಹೊತ್ತು ಊರೂರು ತಿರುಗಿದನು. 1953ರಲ್ಲಿ ಅಬರ್ಡೀನ್ ನಗರದ ಸಂತೆಬೀದಿಯಲ್ಲಿ ವಿಚಾರಿಸುತ್ತ ಒಂದು ಬಡ ಮನೆಯ ಬಾಗಿಲು ತಟ್ಟಿದನು. ಮನೆಯಾಕೆ ಜೀನಿ ರಾಬರ್ಟ್‌ಸನ್. ಬಂದವನನ್ನು ಒಳಗೆ ಬಿಡಲು ಆಕೆಗೆ ಮನಸ್ಸಿರಲಿಲ್ಲ. 1411ರ ಹಾರ್ಲಾ ಯುದ್ಧದ ಹಾಡಿನ ಮೊದಲ ಸಾಲು ಹೇಳು ನೋಡೋಣ ಎಂದು ಪರೀಕ್ಷೆಗಿಟ್ಟಳಂತೆ. ಆತ ಹೇಳಿದ ಮೇಲೆಯೇ ಪ್ರವೇಶ. ಕಥೆಗೆ ಸ್ವಲ್ಪ ಬಣ್ಣ ಸೇರಿರಬಹುದು. ಬಣ್ಣ ಸೇರದಿರುವುದು ಆಕೆಯ ಕಂಠ. ಅಣ್ಣತಮ್ಮಂದಿರ ಕೊಲೆಯನ್ನು ಕುರಿತು ತಾಯಿಗೂ ಮಗನಿಗೂ ನಡೆಯುವ ಸಂವಾದದ ಹಾಡೊಂದನ್ನು ಆಕೆ ಯಾವ ಪಕ್ಕವಾದ್ಯವೂ ಇಲ್ಲದೆ, ಅಳುವಿನ ಸೋಗಿಲ್ಲದೆ, ಕಲ್ಲಿನಲ್ಲಿ ಕಡೆದಂತೆ ಹಾಡಿರುವಳು. ಗ್ರಂಥದಲ್ಲಿ ಮಾತ್ರ ಉಳಿದಿದೆಯೆಂದು ಎಣಿಸಿದ್ದುದು ಒಂದು ಅಡಿಗೆಮನೆಯಲ್ಲಿ ಉಸಿರಾಡುತ್ತಿತ್ತು.

ಆಕೆಯ ಜನ ಯಾರು? ಅಲೆಮಾರಿಗಳು. ತಗಡಿನ ಪಾತ್ರೆ ಮಾಡುವುದು, ಕುದುರೆ ವ್ಯಾಪಾರ, ಸುಗ್ಗಿಯಲ್ಲಿ ಕೂಲಿ, ಇವೇ ಅವರ ಜೀವನೋಪಾಯ. ಊರಿನವರು ಅವರನ್ನು ಹೀನಾಯವಾಗಿ ಕಂಡು, ಗುಡಾರ ಕಿತ್ತು ಮುಂದಕ್ಕೆ ಅಟ್ಟುತ್ತಿದ್ದರು. 1955ರ ಬೇಸಗೆಯಲ್ಲಿ ಬ್ಲೇರ್‌ಗೌರಿಯ ಹಣ್ಣಿನ ತೋಟಗಳಲ್ಲಿ ಬೆರಿ ಕೀಳಲು ಬಂದ ಇವರ ಗುಡಾರಗಳ ನಡುವೆ ಕುಳಿತು ಹೆಂಡರ್ಸನ್ ಹಾಡುಗಳನ್ನು ಮುದ್ರಿಸಿಕೊಂಡನು. ಯಾರನ್ನು ಊರ ಹೊರಗಿಟ್ಟರೋ ಅವರೇ ನಾಡಿನ ಹಾಡುಗಳನ್ನು ಕಾಪಾಡಿಕೊಂಡು ಬಂದಿದ್ದರು! 1968ರಲ್ಲಿ ಜೀನಿಗೆ ಸರ್ಕಾರದ ಗೌರವ ಸಂದಿತು. 1975ರಲ್ಲಿ ಆಕೆ ತೀರಿಕೊಂಡಳು.

ಜೀನಿಯ ಹಾಡುಗಳು ಸ್ಕಾಟ್ಸ್ ನುಡಿಯವು. ಪಶ್ಚಿಮ ದ್ವೀಪಗಳದು ಬೇರೆ ಭಾಷೆ, ಗೇಲಿಕ್. ಅಲ್ಲಿನ ಹೆಂಗಸರು ಹೊಸದಾಗಿ ನೇಯ್ದ ಉಣ್ಣೆಯ ಬಟ್ಟೆಯನ್ನು ಹಳಸಿದ ಮೂತ್ರದಲ್ಲಿ ನೆನೆಸಿ (ಮೂಗು ಮುರಿಯಬೇಡಿ, ಅದೇ ಅವರ ಸಾಬೂನು), ಹಲಗೆಯ ಸುತ್ತ ಕುಳಿತು, ಲಯಬದ್ಧವಾಗಿ ಬಡಿಯುತ್ತಿದ್ದರು. ಒಬ್ಬಳು ಸಾಲನ್ನು ಎತ್ತಿಕೊಟ್ಟರೆ ಉಳಿದವರು ಅರ್ಥವಿಲ್ಲದ ಸೊಲ್ಲುಗಳ ಪಲ್ಲವಿ ಹಿಡಿಯುವರು. ನಮ್ಮ ಬೀಸುವ ಪದಗಳಂತೆ ಇವೂ ದುಡಿಮೆಯೊಡನೆ ಹುಟ್ಟಿದವು. ಗಿರಣಿ ಬಂದೊಡನೆ ಅವುಗಳ ಕೆಲಸ ತಪ್ಪಿತು. ಮಾರ್ಗರೆಟ್ ಫೇ ಷಾ ಎಂಬ ಅಮೆರಿಕದ ಮಹಿಳೆ ಸೌತ್ ಯೂಯಿಸ್ಟ್ ದ್ವೀಪದಲ್ಲಿ ವರ್ಷಗಟ್ಟಲೆ ನೆಲಸಿ, ಇಂಥವನ್ನು ಬರೆದುಕೊಂಡು 1955ರಲ್ಲಿ ಗ್ರಂಥರೂಪದಲ್ಲಿ ಹೊರತಂದಳು. ಕೆಲಸ ತಪ್ಪಿದ ಹಾಡು ಸಾಯಲಿಲ್ಲವೆಂಬುದೇ ವಿಶೇಷ. ಶತಮಾನಗಳಷ್ಟು ಹಳೆಯದಾದ ಅಂಥ ಒಂದು ಹಾಡನ್ನು ಕೇಪರ್‌ಕೇಲಿ ಎಂಬ ತಂಡ, ಕ್ಯಾರನ್ ಮ್ಯಾಥಿಸನ್ ಅವರ ಕಂಠದಲ್ಲಿ, ಹೊಸ ವಾದ್ಯಗಳೊಡನೆ ಮುದ್ರಿಸಿತು. 1992ರಲ್ಲಿ ಅದು ಬ್ರಿಟನ್ನಿನಲ್ಲಿ ಹೆಚ್ಚು ಮಾರಾಟವಾದ ನಲವತ್ತು ಹಾಡುಗಳ ಪಟ್ಟಿಗೆ ಏರಿತು. ಗೇಲಿಕ್ ಹಾಡು ಅಲ್ಲಿಗೆ ಏರಿದ್ದು ಅದೇ ಮೊದಲು.

ಆದರೆ 2011ರ ಜನಗಣತಿಯಲ್ಲಿ ಸ್ಕಾಟ್ಲೆಂಡಿನ ಗೇಲಿಕ್ ಭಾಷಿಕರು ಸುಮಾರು 57 ಸಾವಿರ ಮಾತ್ರ. ಹಾಡು ಬೆಳೆದು ಭಾಷೆ ಕುಗ್ಗಿದರೆ ಏನಾದೀತು ಎಂಬುದು ಅಲ್ಲಿನವರ ಚಿಂತೆ. ಆದ್ದರಿಂದಲೇ 1981ರಲ್ಲಿ ಬಾರಾ ದ್ವೀಪದಲ್ಲಿ ಮಕ್ಕಳಿಗೆ ಹಾಡು, ವಾದ್ಯ, ಭಾಷೆ ಮೂರನ್ನೂ ಒಟ್ಟಿಗೆ ಕಲಿಸುವ ಫೇಷ್ ಎಂಬ ಶಿಬಿರ ಆರಂಭವಾಗಿ, ಮುಂದೆ ಅದೇ ಒಂದು ಚಳವಳಿಯಾಯಿತು. ನಾರ್ತ್ ಯೂಯಿಸ್ಟ್ ದ್ವೀಪದ ಜೂಲಿ ಫೌಲಿಸ್ ಇಂದು ಗೇಲಿಕ್ ಹಾಡುಗಾರಿಕೆಯಲ್ಲಿ ದೊಡ್ಡ ಹೆಸರು. 2012ರ 'ಬ್ರೇವ್' ಚಿತ್ರದಲ್ಲಿ ಕೇಳುವುದು ಆಕೆಯ ದನಿಯೇ, ಅಲ್ಲಿ ಮಾತ್ರ ಇಂಗ್ಲಿಷಿನಲ್ಲಿ. ಉತ್ತರದ ಷೆಟ್ಲೆಂಡ್ ದ್ವೀಪಗಳಲ್ಲಿ ಪಿಟೀಲೇ ಪ್ರಧಾನ. ಅಲ್ಲಿ ಟಾಮ್ ಆಂಡರ್ಸನ್ ಶಾಲೆಯ ಮಕ್ಕಳಿಗೆ ಪಿಟೀಲು ಕಲಿಸಿದ ಪುಣ್ಯಾತ್ಮ. ಆತನ ಶಿಷ್ಯ ಆಲಿ ಬೇನ್ ಲೋಕಪ್ರಸಿದ್ಧ. ಗ್ಲಾಸ್ಗೋದ ಸಂಗೀತ ವಿದ್ಯಾಲಯದಲ್ಲಿ 1996ರಿಂದ ಈ ಸಂಗೀತಕ್ಕೆ ಪದವಿಯೂ ಉಂಟು. ಪದವಿ ಪಡೆದವರೆಲ್ಲ ಒಂದೇ ಅಚ್ಚಿನಲ್ಲಿ ಎರಕಹೊಯ್ದಂತೆ ನುಡಿಸುತ್ತಾರೆಂದು ಗೊಣಗುವವರೂ ಇದ್ದಾರೆ. ಮೇಷ್ಟರಾದ ನನಗೆ ಆ ಗೊಣಗು ಪೂರ್ತಿ ಸುಳ್ಳೆನಿಸದು. ಆದರೂ ಕಲಿಯುವವರೇ ಇಲ್ಲದ ಕಾಲಕ್ಕಿಂತ ಇದು ವಾಸಿ.

ಕೊನೆಗೆ ಮಾರ್ಟಿನ್ ಬೆನೆಟ್. 1971ರಲ್ಲಿ ಹುಟ್ಟಿದ ಈತ ಪೈಪು, ಪಿಟೀಲು ಎರಡರಲ್ಲೂ ನಿಸ್ಸೀಮ. ತಾಯಿ ಮಾರ್ಗರೆಟ್ ಬೆನೆಟ್ ಜಾನಪದ ವಿದ್ವಾಂಸೆ. ಮೂವತ್ತು ತುಂಬುವ ಮೊದಲೇ ಕ್ಯಾನ್ಸರ್ ತಗಲಿತು. ನುಡಿಸಲಾರದ ಸಂಕಟದಲ್ಲಿ ತನ್ನ ವಾದ್ಯಗಳನ್ನೇ ಒಡೆದುಹಾಕಿದನು. ಆಮೇಲೆ ಮಾಡಿದ್ದೇನು ಗೊತ್ತೆ? ಹಳೆಯ ಹಾಡುಗಾರರ ಧ್ವನಿಮುದ್ರಣಗಳನ್ನು ತೆಗೆದು, ಅವರ ಕಂಠಗಳ ಸುತ್ತ ಯಂತ್ರದ ತಾಳವನ್ನೂ ವಾದ್ಯಧ್ವನಿಗಳನ್ನೂ ಹೆಣೆದು, 2003ರಲ್ಲಿ 'ಗ್ರಿಟ್' ಎಂಬ ಧ್ವನಿಮುದ್ರಿಕೆ ಹೊರತಂದನು. ಜೀನಿಯ ಮಗಳು ಲಿಝಿ ಹಿಗಿನ್ಸಳ ದನಿ ಅದರಲ್ಲಿದೆ. ಬ್ಲೇರ್‌ನ ಷೀಲಾ ಸ್ಟುವರ್ಟಳ ದನಿಯೂ ಇದೆ. ಆಕೆ ಹಾಡುವುದು ಅಲೆಮಾರಿಗಳನ್ನು ಅಟ್ಟುವುದನ್ನು ಕುರಿತು ಯೂಅನ್ ಮ್ಯಾಕಾಲ್ 1964ರ ಬಿ.ಬಿ.ಸಿ. ಬಾನುಲಿ ರೂಪಕಕ್ಕಾಗಿ ಕಟ್ಟಿದ ಹಾಡು. ಬೆನೆಟ್ 2005ರ ಜನವರಿಯಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡನು. ಹತ್ತು ವರ್ಷದ ನಂತರ, 2015ರ ಜನವರಿಯಲ್ಲಿ ಗ್ಲಾಸ್ಗೋದ ಸೆಲ್ಟಿಕ್ ಕನೆಕ್ಷನ್ಸ್ ಉತ್ಸವದಲ್ಲಿ, ಗ್ರೆಗ್ ಲಾಸನ್ ಎಂಬ ಪಿಟೀಲು ವಾದಕ ಆ ಇಡೀ ಕೃತಿಯನ್ನು ದೊಡ್ಡ ವಾದ್ಯವೃಂದಕ್ಕೆ ಅಳವಡಿಸಿ ನುಡಿಸಿದನು.

ಕೇಳುವ ಅವಕಾಶ ಸಿಕ್ಕಾಗ ಮೊದಲು ಜೀನಿಯನ್ನು ಕೇಳಿ, ಬೆನೆಟ್ಟನದು ಆಮೇಲಿರಲಿ. ಮೊದಲ ಸಲ ಮಾತು ಅರ್ಥವಾಗದಿದ್ದರೆ ಚಿಂತೆಯಿಲ್ಲ. ಆಕೆ ಉಸಿರನ್ನು ಎಲ್ಲಿ ನಿಲ್ಲಿಸುತ್ತಾಳೆ, ಎಲ್ಲಿ ಎಳೆಯುತ್ತಾಳೆ ಎಂಬುದನ್ನು ಗಮನಿಸಿ.