ಕಲ್ಲೆಣ್ಣೆಯ ನಾಮವಿಚಾರ: ಯಾವ ಕಂಪನಿಯ ಪೆಟ್ರೋಲು ಮೇಲು?

'ಪೆಟ್ರೋಲ್' ಎಂಬ ಶಬ್ದವನ್ನು ಇಂದು ಹಳ್ಳಿಯ ಹಸುಳೆಯೂ ಉಚ್ಚರಿಸುತ್ತದೆ. ಅದರ ಮೂಲವನ್ನು ಅರಸಿದವರು ಮಾತ್ರ ವಿರಳ. ಗ್ರೀಕ್ ಭಾಷೆಯಲ್ಲಿ 'ಪೆತ್ರಾ' ಎಂದರೆ ಬಂಡೆ, ಲ್ಯಾಟಿನ್ ಭಾಷೆಯಲ್ಲಿ 'ಓಲಿಯಂ' ಎಂದರೆ ಎಣ್ಣೆ. ಇವೆರಡರ ಸಮಾಸವೇ ಪೆಟ್ರೋಲಿಯಂ. ನಾವು ಅದನ್ನು ಶಿಲಾತೈಲವೆನ್ನಬಹುದು. ಅಚ್ಚಗನ್ನಡವೇ ಬೇಕೆಂದರೆ ಕಲ್ಲೆಣ್ಣೆ. ಭೂಗರ್ಭದಿಂದ ಬಂದ ಕಚ್ಚಾ ತೈಲವನ್ನು ಕಾಯಿಸಿ ಬೇರ್ಪಡಿಸಿದಾಗ ದೊರೆಯುವ ಹಗುರವಾದ ಭಾಗ ಪೆಟ್ರೋಲು. ಅದಕ್ಕಿಂತ ತುಸು ಭಾರವಾದುದು ಸೀಮೆಎಣ್ಣೆ, ಎಂದರೆ ನಮ್ಮ ಕಡೆಯವರ ಚಿಮಣಿ ಎಣ್ಣೆ. ಇನ್ನೂ ಭಾರವಾದುದು ಡೀಸೆಲ್. ಈ ಮೂರೂ ಒಂದೇ ತಾಯಿಯ ಮಕ್ಕಳೆಂಬ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬರುವ ಕಲಬೆರಕೆಯ ಕಥೆಗೆಲ್ಲ ಈ ರಕ್ತಸಂಬಂಧವೇ ಕಾರಣ.

ವಸ್ತುವಾಚಕ ನಾಮಪದಗಳನ್ನು ನಮ್ಮ ವ್ಯಾಕರಣವು ರೂಢನಾಮ, ಅಂಕಿತನಾಮ, ಅನ್ವರ್ಥನಾಮಗಳೆಂದು ಮೂರಾಗಿ ವಿಂಗಡಿಸಿದೆ. 'ಪೆಟ್ರೋಲು' ಎಂಬುದು ಈಗ ರೂಢನಾಮ. ಆದರೆ ಪೆಟ್ರೋಲ್ ಪಂಪಿನ ನೆತ್ತಿಯ ಮೇಲೆ ದೀಪಾಲಂಕೃತವಾಗಿ ಮೆರೆಯುವ ಕಂಪನಿಯ ಹೆಸರು ಯಾವ ವರ್ಗಕ್ಕೆ ಸೇರತಕ್ಕದ್ದು? ಕೇವಲ ಗುರುತಿಗಾಗಿ ಇಟ್ಟ ಅಂಕಿತನಾಮವೋ, ಒಳಗಿನ ಗುಣವನ್ನು ಸೂಚಿಸುವ ಅನ್ವರ್ಥನಾಮವೋ? ಗದಗ-ಬೆಟಗೇರಿಯಲ್ಲಿ, ಲಕ್ಷ್ಮೇಶ್ವರದಲ್ಲಿ, ಶಿರಹಟ್ಟಿ ಮುಂಡರಗಿಗಳಲ್ಲಿ ಈ ಬಗ್ಗೆ ನಡೆಯುವ ವಾದವಿವಾದಗಳನ್ನು ಕೇಳಿದವರಿಗೆ ಇದು ಕ್ಷುಲ್ಲಕ ಪ್ರಶ್ನೆಯೆನಿಸದು. ಹತ್ತಿರದ ಎರಡು ಪಂಪುಗಳನ್ನು ದಾಟಿ, ತಮಗೆ ನಂಬಿಕೆಯಿರುವ ಕಂಪನಿಯ ಫಲಕವಿರುವೆಡೆಗೇ ಹೋಗಿ ಎಣ್ಣೆ ಹಾಕಿಸುವ ಶಿಕ್ಷಕರನ್ನು ನಾನು ಬಲ್ಲೆ. ಅವರು ಅಷ್ಟು ದೂರ ಹೋಗಿ ಬರಲು ಸುಟ್ಟ ಪೆಟ್ರೋಲಿನ ಲೆಕ್ಕವನ್ನು ಮಾತ್ರ ಯಾರೂ ಇಟ್ಟಂತಿಲ್ಲ.

ಮೊದಲು ಈ ಹೆಸರುಗಳ ಚರಿತ್ರೆಯನ್ನು ತುಸು ಅವಲೋಕಿಸೋಣ. ಸ್ವಾತಂತ್ರ್ಯಾನಂತರದ ಮೊದಲ ದಶಕಗಳಲ್ಲಿ ಬರ್ಮಾ ಶೆಲ್, ಎಸ್ಸೋ, ಕಾಲ್ಟೆಕ್ಸ್ ಎಂಬ ವಿದೇಶಿ ಕಂಪನಿಗಳ ಫಲಕಗಳೇ ನಮ್ಮ ಹೆದ್ದಾರಿಗಳ ಮೇಲೆ ಕಾಣುತ್ತಿದ್ದವು. ಸರ್ಕಾರದ್ದೇ ಆದ ಇಂಡಿಯನ್ ಆಯಿಲ್ ಕಾರ್ಪೊರೇಷನ್ ೧೯೬೪ರಲ್ಲಿ ಈಗಿನ ರೂಪವನ್ನು ತಾಳಿತು. ೧೯೭೪ರಲ್ಲಿ ಎಸ್ಸೋ ರಾಷ್ಟ್ರೀಕರಣಗೊಂಡು ಹಿಂದೂಸ್ತಾನ್ ಪೆಟ್ರೋಲಿಯಂ ಆಯಿತು. ೧೯೭೬ರಲ್ಲಿ ಬರ್ಮಾ ಶೆಲ್ ಸರ್ಕಾರದ ವಶಕ್ಕೆ ಬಂದು ಮರುವರ್ಷ ಭಾರತ್ ಪೆಟ್ರೋಲಿಯಂ ಎಂಬ ನಾಮಧೇಯವನ್ನು ಪಡೆಯಿತು. ಕಾಲ್ಟೆಕ್ಸ್ ೧೯೭೮ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂನಲ್ಲಿ ವಿಲೀನವಾಯಿತು. ಫಲಕದ ಬಣ್ಣ ಬದಲಾದ ಆ ದಿನ ನೆಲದೊಳಗಿನ ತೊಟ್ಟಿಯಲ್ಲಿದ್ದ ಎಣ್ಣೆಯೇನೂ ಬದಲಾಗಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಈ ಮೂರು ಸರ್ಕಾರಿ ಸಂಸ್ಥೆಗಳ ಜೊತೆಗೆ ರಿಲಯನ್ಸ್, ನಯಾರಾ, ಶೆಲ್ ಮೊದಲಾದ ಖಾಸಗಿ ಹೆಸರುಗಳೂ ಈಗ ದೇಶದಲ್ಲಿವೆ.

ಇನ್ನು ಎಣ್ಣೆಯ ಮೂಲದ ವಿಚಾರ. ಕರ್ನಾಟಕದಲ್ಲಿರುವ ದೊಡ್ಡ ತೈಲ ಶುದ್ಧೀಕರಣಾಗಾರ ಒಂದೇ. ಅದು ೧೯೯೬ರಲ್ಲಿ ಕಾರ್ಯಾರಂಭ ಮಾಡಿದ ಮಂಗಳೂರಿನದು. ಹುಬ್ಬಳ್ಳಿ-ಧಾರವಾಡಗಳ ನಡುವಣ ನವಲೂರಿನ ಬಳಿ ತೈಲದ ಡಿಪೋಗಳಿವೆ. ಪ್ರತಿಯೊಂದು ಕಂಪನಿಯೂ ಪ್ರತಿಯೊಂದು ಪ್ರಾಂತದಲ್ಲಿ ತನ್ನದೇ ಶುದ್ಧೀಕರಣಾಗಾರವನ್ನು ಹೊಂದಿರುವುದು ಅಸಾಧ್ಯ. ಆದುದರಿಂದ ಒಂದರ ಶುದ್ಧೀಕರಣಾಗಾರದ ಎಣ್ಣೆಯನ್ನು ಇನ್ನೊಂದು ಪಡೆಯುವುದು, ಅದಕ್ಕೆ ಪ್ರತಿಯಾಗಿ ಬೇರೊಂದು ಪ್ರಾಂತದಲ್ಲಿ ತನ್ನ ಎಣ್ಣೆಯನ್ನು ಕೊಡುವುದು ತೈಲ ಕಂಪನಿಗಳ ನಡುವೆ ನಡೆದುಕೊಂಡು ಬಂದ ವ್ಯವಹಾರ. ಯಾರು ಮಾರಿದರೂ ಅದು ಭಾರತೀಯ ಮಾನಕ ಸಂಸ್ಥೆಯು ವಿಧಿಸಿದ ಗುಣಮಟ್ಟಕ್ಕೆ ಒಪ್ಪತಕ್ಕದ್ದು. ೨೦೦೦ದ ಫೆಬ್ರುವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲೇ ಮಾರಾಟವಾಗತೊಡಗಿತು; ೨೦೨೦ರ ಏಪ್ರಿಲ್ ೧ರಿಂದ ಬಿ.ಎಸ್.-೬ ನಿಯಮವು ಜಾರಿಗೆ ಬಂದು, ಗಂಧಕದ ಅಂಶವು ಹತ್ತು ಲಕ್ಷ ಭಾಗಗಳಲ್ಲಿ ೫೦ ಭಾಗದಿಂದ ೧೦ಕ್ಕೆ ಇಳಿಯಿತು. ಈ ನಿಯಮಗಳು ಇಂಥ ಕಂಪನಿಗೆ ಅನ್ವಯ, ಇಂಥದಕ್ಕೆ ಇಲ್ಲ ಎಂಬ ಭೇದವನ್ನೆಣಿಸಿಲ್ಲ.

ಬೆಟಗೇರಿಯ ನೇಕಾರರ ಓಣಿಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಒಂದೇ ಗಿರಣಿಯ ನೂಲು ಹಲವು ಮಗ್ಗಗಳಿಗೆ ಬರುತ್ತದೆ. ಒಂದೇ ಮಗ್ಗದ ಸೀರೆ ಹಲವು ಅಂಗಡಿಗಳ ಚೀಟಿಯನ್ನು ಹೊತ್ತು ಹೋಗುತ್ತದೆ. ಚೀಟಿಯನ್ನು ನೋಡಿ ನೂಲಿನ ಗುಣವನ್ನು ಹೇಳುವುದು ಜಾಣರ ಲಕ್ಷಣವಲ್ಲ. ಸಾಮಾನ್ಯ ಪೆಟ್ರೋಲಿನ ಮಟ್ಟಿಗೆ, ಕಂಪನಿಯ ಹೆಸರು ಅಂಕಿತನಾಮವೇ ಸರಿ.

ಹಾಗಾದರೆ ಭೇದವೇ ಇಲ್ಲವೋ? ಇದೆ, ಆದರೆ ಅದು ಮೂಲದ್ರವ್ಯದಲ್ಲಿಲ್ಲ, ಒಗ್ಗರಣೆಯಲ್ಲಿದೆ. ಎಂಜಿನ್ನಿನ ಒಳಭಾಗದಲ್ಲಿ ಮಸಿ ಕಟ್ಟದಂತೆ ತಡೆಯುವ, ಕಟ್ಟಿದ್ದನ್ನು ತೊಳೆಯುವ ಕೆಲವು ರಾಸಾಯನಿಕಗಳನ್ನು ಕಂಪನಿಗಳು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುತ್ತವೆ. 'ಎಕ್ಸ್‌ಪಿ ೯೫', 'ಸ್ಪೀಡ್', 'ಪವರ್' ಎಂಬ ಹೆಸರುಗಳಲ್ಲಿ ಹೆಚ್ಚಿನ ಬೆಲೆಗೆ ಮಾರಲ್ಪಡುವ ಪೆಟ್ರೋಲುಗಳ ವಿಶೇಷವು ಮುಖ್ಯವಾಗಿ ಇದು, ಮತ್ತು ಆಕ್ಟೇನ್ ಅಂಕ. ಅಮೆರಿಕದಲ್ಲಿ ಈ ಒಗ್ಗರಣೆಯ ಪ್ರಮಾಣವು ಕಂಪನಿಯಿಂದ ಕಂಪನಿಗೆ ಗಣನೀಯವಾಗಿ ಬೇರೆಯಾಗಿದ್ದುದರಿಂದ, ೨೦೦೪ರಲ್ಲಿ ಕೆಲವು ಮೋಟಾರು ತಯಾರಕರು ಕೂಡಿ 'ಟಾಪ್ ಟಿಯರ್' ಎಂಬ ಪ್ರತ್ಯೇಕ ಮಟ್ಟವೊಂದನ್ನು ಗೊತ್ತುಪಡಿಸಿದರು. ಅಲ್ಲಿನ ಮೋಟಾರು ಸವಾರರ ಸಂಘವು ೨೦೧೬ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಆ ಮಟ್ಟವನ್ನು ಮುಟ್ಟದ ಪೆಟ್ರೋಲುಗಳು ಸರಾಸರಿ ೧೯ ಪಟ್ಟು ಹೆಚ್ಚು ಮಸಿಯನ್ನು ಕಟ್ಟಿಸಿದವೆಂದು ಕಂಡುಬಂದಿತು. ಅಲ್ಲಿ ಹೆಸರು ಅನ್ವರ್ಥವಾಗುವ ಸಂಭವವಿದೆಯೆಂದಂತಾಯಿತು. ಅಲ್ಲಿಯ ಮಾತನ್ನು ಇಲ್ಲಿಗೆ ಯಥಾವತ್ತಾಗಿ ತರುವುದು ಮಾತ್ರ ಉಚಿತವಲ್ಲ.

ಆಕ್ಟೇನ್ ಎಂಬ ಶಬ್ದವು ಜನರಲ್ಲಿ ಬಹಳ ಭ್ರಾಂತಿಯನ್ನು ಹುಟ್ಟಿಸಿದೆ. ಹೆಚ್ಚು ಆಕ್ಟೇನ್ ಎಂದರೆ ಹೆಚ್ಚು ಶಕ್ತಿ ಎಂದು ತಿಳಿಯುವುದು ಸರಿಯಲ್ಲ. ಎಂಜಿನ್ನಿನ ಕೊಳವೆಯಲ್ಲಿ ಗಾಳಿ ಮತ್ತು ಪೆಟ್ರೋಲಿನ ಆವಿಗಳ ಮಿಶ್ರಣವನ್ನು ಒತ್ತಿ, ತಕ್ಕ ಕ್ಷಣದಲ್ಲಿ ಕಿಡಿಯನ್ನು ಸೋಕಿಸಿ ಉರಿಸಲಾಗುತ್ತದೆ. ಒತ್ತುವಾಗ ಬಿಸಿಯೇರಿದ ಮಿಶ್ರಣದ ಒಂದು ಭಾಗವು ಕಿಡಿಯ ಜ್ವಾಲೆ ತಲುಪುವ ಮುನ್ನವೇ ತಾನಾಗಿ ಸ್ಫೋಟಿಸಿದರೆ ಎಂಜಿನ್ನು ಕಟಕಟನೆ ಬಡಿದುಕೊಳ್ಳುತ್ತದೆ. ಗದುಗಿನ ಜನ ಸಂಗೀತವನ್ನು ಬಲ್ಲವರು; ಅವರಿಗೆ ಹೀಗೆ ಹೇಳಬಹುದು: ಸಮ್ ಬರುವ ಮುನ್ನವೇ ತಬಲೆಯ ಪೆಟ್ಟು ಬಿದ್ದರೆ ಹಾಡುವವನ ಗತಿ ಏನಾಗುವುದೋ, ಎಂಜಿನ್ನಿನ ಗತಿಯೂ ಅದೇ. ಈ ಅಕಾಲಸ್ಫೋಟವನ್ನು ತಡೆದುಕೊಳ್ಳುವ ಸಹನಶಕ್ತಿಯ ಅಳತೆಯೇ ಆಕ್ಟೇನ್ ಅಂಕ. ಹೆಚ್ಚು ಒತ್ತಡದಿಂದ ನಡೆಯುವ ದುಬಾರಿ ಎಂಜಿನ್ನಿಗೆ ಹೆಚ್ಚು ಸಹನೆಯ ಎಣ್ಣೆ ಬೇಕು. ನಮ್ಮ ರೈತರ, ಶಿಕ್ಷಕರ ನೂರು ಸಿ.ಸಿ. ಬೈಕಿಗೆ ಅದರಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೆ. ಬಿ.ಎಸ್.-೬ ಪೆಟ್ರೋಲಿಗೆ ಕನಿಷ್ಠ ಅಂಕ ೯೧. ಎಥನಾಲ್ ಬೆರೆತ ಮೇಲೆ ಸಾಮಾನ್ಯ ಪೆಟ್ರೋಲಿನ ಅಂಕವೇ ೯೫ಕ್ಕೆ ಏರಿದೆಯೆಂದು ೨೦೨೫ರಲ್ಲಿ ಕೇಂದ್ರದ ಪೆಟ್ರೋಲಿಯಂ ಸಚಿವಾಲಯವು ತಿಳಿಸಿತು. ಹಾಗಿರುವಾಗ ೯೫ರ ಅಂಕಕ್ಕಾಗಿಯೇ ಹೆಚ್ಚು ಹಣ ತೆರುವವರು ತಮ್ಮ ವಾಹನದ ಕೈಪಿಡಿಯನ್ನು ಒಮ್ಮೆ ತೆರೆದು ನೋಡುವುದು ಒಳಿತು. ಆ ಪುಸ್ತಿಕೆಯಷ್ಟು ಅನಾದರಕ್ಕೆ ಗುರಿಯಾದ ಗ್ರಂಥ ಬೇರೊಂದಿಲ್ಲ.

ಎಥನಾಲಿನ ಮಾತು ಬಂದುದರಿಂದ ಅದನ್ನೂ ಹೇಳಿಬಿಡಬೇಕು. ಕಬ್ಬು ಮೊದಲಾದ ಬೆಳೆಗಳಿಂದ ಬರುವ ಮದ್ಯಸಾರವೇ ಎಥನಾಲ್. ತುಂಗಭದ್ರೆಯ ನೀರುಂಡ ಮುಂಡರಗಿ ತಾಲೂಕಿನಲ್ಲಿ ಕಬ್ಬು ಬೆಳೆಯುತ್ತದೆ. ಗಂಗಾಪುರದಲ್ಲಿ ಸಕ್ಕರೆ ಕಾರ್ಖಾನೆಯಿದೆ. ಆದುದರಿಂದ ಈ ವಿಷಯ ನಮ್ಮ ರೈತರಿಗೆ ಎರಡು ಕಡೆಯಿಂದ ಸಂಬಂಧಿಸಿದ್ದು: ಬೆಳೆಯುವವನೂ ಅವನೇ, ಬೈಕಿಗೆ ಹಾಕಿಸುವವನೂ ಅವನೇ. ಶೇಕಡಾ ೨೦ ಎಥನಾಲ್ ಇರುವ ಪೆಟ್ರೋಲಿನ ಮಾರಾಟವು ೨೦೨೩ರಲ್ಲಿ ಆರಂಭವಾಗಿ ೨೦೨೫ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿತು. ಎಥನಾಲಿನಲ್ಲಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ ಶಾಖಶಕ್ತಿಯಿದೆ. ಹಳೆಯ ಮಾದರಿಯ ಕಾರುಗಳಲ್ಲಿ ಶೇಕಡಾ ೬ರಿಂದ ೭ರಷ್ಟು, ದ್ವಿಚಕ್ರಗಳಲ್ಲಿ ೩ರಿಂದ ೪ರಷ್ಟು ಮೈಲೇಜು ಕಡಿಮೆಯಾಗುವುದೆಂದು ೨೦೨೧ರ ನೀತಿ ಆಯೋಗದ ವರದಿಯೇ ಅಂದಾಜು ಮಾಡಿತ್ತು. ಲೀಟರಿಗೆ ೬೦ ಕಿಲೋಮೀಟರ್ ಓಡುತ್ತಿದ್ದ ಹಳೆಯ ಬೈಕು ಎರಡು ಕಿಲೋಮೀಟರ್ ಕಡಿಮೆ ಓಡಿದರೆ 'ಈ ಕಂಪನಿಯ ಎಣ್ಣೆ ಕೆಟ್ಟಿತು' ಎಂದು ಬೇರೆ ಪಂಪಿಗೆ ಹೋದುದರಿಂದ ಫಲವಿಲ್ಲ. ಅಲ್ಲಿಯೂ ಅದೇ ಮಿಶ್ರಣ. ಹಳೆಯ ವಾಹನಗಳ ರಬ್ಬರಿನ ಕೊಳವೆ, ವಾಶರುಗಳು ಎಥನಾಲಿನಿಂದ ಬೇಗ ಸವೆಯುವುದುಂಟು. ಅವುಗಳನ್ನು ಆಗಾಗ್ಗೆ ಪರೀಕ್ಷಿಸಿ ಬದಲಿಸಬೇಕಾಗುತ್ತದೆ.

ಎಥನಾಲಿಗೆ ಇನ್ನೊಂದು ಸ್ವಭಾವವಿದೆ: ಅದು ನೀರನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ನೆಲದೊಳಗಿನ ತೊಟ್ಟಿಗೆ ಮಳೆನೀರು ಇಳಿದರೆ, ಒಂದು ಮಿತಿಯವರೆಗೆ ಎಥನಾಲ್ ಅದನ್ನು ಒಳಗೊಳ್ಳುತ್ತದೆ. ಮಿತಿ ಮೀರಿದೊಡನೆ ನೀರು ಮತ್ತು ಎಥನಾಲ್ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಕೂರುತ್ತವೆ. ಆ ತಳದ ದ್ರವ ವಾಹನಕ್ಕೆ ಬಿದ್ದರೆ ಅದು ಹೆಚ್ಚು ದೂರ ಹೋಗಲಾರದು. ಮುಂಗಾರಿನ ಒಂದು ಸಂಜೆ ಶಿರಹಟ್ಟಿಯ ದಾರಿಯಲ್ಲಿ ಒಂದೇ ಪಂಪಿನಲ್ಲಿ ಎಣ್ಣೆ ಹಾಕಿಸಿಕೊಂಡ ಮೂರು ಬೈಕುಗಳು ಒಂದರ ಹಿಂದೆ ಒಂದು ನಿಂತುದನ್ನು ನಾನು ಕಂಡಿದ್ದೇನೆ. ಅದರಲ್ಲೊಂದು ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದುದು. ಹಿಂದಿನಿಂದ ಬಂದ ಟೆಂಪೋದವರು ಅವರನ್ನು ಹತ್ತಿಸಿಕೊಂಡು ಹೋದರು. ಪಂಪಿನವರು ಪ್ರತಿದಿನ ಅಳತೆಗೋಲಿಗೆ ನೀರು ಸೋಕಿದರೆ ಬಣ್ಣ ಬದಲಿಸುವ ಲೇಪವನ್ನು ಹಚ್ಚಿ ತೊಟ್ಟಿಯ ತಳವನ್ನು ನೋಡಿದ್ದರೆ ಈ ಪ್ರಸಂಗವು ಒದಗುತ್ತಿರಲಿಲ್ಲ. ಆ ಕೆಲಸವನ್ನು ಕಂಪನಿಯ ಹೆಸರು ಮಾಡುವುದಿಲ್ಲ. ಪಂಪಿನ ಮಾಲೀಕನ ಶ್ರದ್ಧೆಯೇ ಮಾಡಬೇಕು.

ಶ್ರದ್ಧೆಯ ಅಭಾವಕ್ಕಿಂತ ಘೋರವಾದುದು ಉದ್ದೇಶಪೂರ್ವಕ ಕಲಬೆರಕೆ. ಪಡಿತರದ ಸೀಮೆಎಣ್ಣೆ ಬಹು ಅಗ್ಗವಾಗಿದ್ದ ಕಾಲದಲ್ಲಿ ಅದನ್ನು ಪೆಟ್ರೋಲು ಡೀಸೆಲುಗಳಿಗೆ ಬೆರೆಸುವುದು ಲಾಭದಾಯಕ ದಂಧೆಯಾಗಿತ್ತು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆತರೆ ಆಕ್ಟೇನ್ ಕುಗ್ಗಿ ಎಂಜಿನ್ನು ಬಡಿದುಕೊಳ್ಳುತ್ತದೆ, ಮಸಿ ಕಟ್ಟುತ್ತದೆ, ಪೂರ್ತಿ ಉರಿಯದ ಎಣ್ಣೆ ಕೆಳಗಿಳಿದು ಎಂಜಿನ್ ಆಯಿಲನ್ನು ತೆಳುವಾಗಿಸುತ್ತದೆ. ಈ ದಂಧೆಯನ್ನು ತಡೆಯಹೊರಟು ಪ್ರಾಣವನ್ನೇ ತೆತ್ತವರು ನಮ್ಮ ನಾಡಿನ ಒಬ್ಬ ತರುಣ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಲಖನೌದ ಭಾರತೀಯ ವ್ಯವಸ್ಥಾಪನ ಸಂಸ್ಥೆಯಲ್ಲಿ ವ್ಯಾಸಂಗ ಮುಗಿಸಿದ ಷಣ್ಮುಗಂ ಮಂಜುನಾಥ್ ಅವರು ಇಂಡಿಯನ್ ಆಯಿಲ್ ಸಂಸ್ಥೆಯ ಮಾರಾಟಾಧಿಕಾರಿಯಾಗಿ ಉತ್ತರಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿದ್ದರು. ಕಲಬೆರಕೆಯ ಕಾರಣಕ್ಕೆ ಪಂಪೊಂದರ ಮಾರಾಟವನ್ನು ಅವರು ನಿಲ್ಲಿಸಿದ್ದರು. ೨೦೦೫ರ ನವೆಂಬರ್ ೧೯ರಂದು ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಆಗ ಅವರ ವಯಸ್ಸು ಇಪ್ಪತ್ತೇಳು. ಅಪರಾಧಿಗಳಿಗೆ ವಿಧಿಸಿದ ಜೀವಾವಧಿ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯವು ೨೦೧೫ರಲ್ಲಿ ಎತ್ತಿಹಿಡಿಯಿತು. ವಾಚಕರು ಇದನ್ನು ಗಮನಿಸಬೇಕು: ಕಲಬೆರಕೆ ಮಾಡಿದ ಪಂಪಿನ ನೆತ್ತಿಯ ಮೇಲಿದ್ದುದೂ ಅದೇ ಕಂಪನಿಯ ಹೆಸರು, ಅದನ್ನು ತಡೆಯಲು ಹೋದವನ ಎದೆಯ ಮೇಲಿದ್ದುದೂ ಅದೇ ಹೆಸರು.

ಆದಕಾರಣ ಗ್ರಾಹಕನು ಹೆಸರನ್ನು ಬಿಟ್ಟು ಪಂಪನ್ನು ಪರೀಕ್ಷಿಸಬೇಕು. ಅದಕ್ಕೆ ಕಾಯಿದೆಯ ಬೆಂಬಲವೂ ಇದೆ. ಸೋಸುಕಾಗದವನ್ನು ಕೇಳಿದರೆ ಪಂಪಿನವರು ಕೊಡತಕ್ಕದ್ದು. ಕೊಳವೆಯ ಮೂತಿಯನ್ನು ಒರೆಸಿ ಒಂದು ಹನಿಯನ್ನು ಅದರ ಮೇಲೆ ಬಿಟ್ಟರೆ, ಶುದ್ಧ ಪೆಟ್ರೋಲು ಒಂದೆರಡು ನಿಮಿಷಗಳಲ್ಲಿ ಕಲೆಯುಳಿಸದೆ ಆರಿಹೋಗುತ್ತದೆ. ಸೀಮೆಎಣ್ಣೆಯಂತಹ ಭಾರದ ದ್ರವ್ಯ ಬೆರೆತಿದ್ದರೆ ಕಲೆ ನಿಲ್ಲುತ್ತದೆ. ಎರಡನೆಯದು ಸಾಂದ್ರತೆಯ ಪರೀಕ್ಷೆ. ಪೆಟ್ರೋಲಿನ ಸಾಂದ್ರತೆ ೧೫ ಡಿಗ್ರಿ ಉಷ್ಣತೆಯಲ್ಲಿ ಘನಮೀಟರಿಗೆ ೭೨೦ರಿಂದ ೭೭೫ ಕಿಲೋಗ್ರಾಂಗಳ ನಡುವೆ ಇರತಕ್ಕದ್ದು. ಟ್ಯಾಂಕರಿನ ಕಾಗದದಲ್ಲಿ ಬರೆದ ಅಂಕಕ್ಕೂ ತೊಟ್ಟಿಯ ಎಣ್ಣೆಯ ಅಂಕಕ್ಕೂ ೩ಕ್ಕಿಂತ ಹೆಚ್ಚು ಅಂತರ ಬಂದರೆ ಸಂಶಯಕ್ಕೆ ಆಸ್ಪದವಿದೆ. ಮೂರನೆಯದು ಅಳತೆ. ಮುದ್ರೆಯೊತ್ತಿದ ೫ ಲೀಟರಿನ ಪಾತ್ರೆ ಪ್ರತಿ ಪಂಪಿನಲ್ಲಿಯೂ ಇರುತ್ತದೆ. ಅದರಲ್ಲಿ ಅಳೆಸಿದಾಗ ೨೫ ಮಿಲಿಲೀಟರಿಗಿಂತ ಹೆಚ್ಚು ಕೊರತೆ ಕಂಡರೆ ಕಾನೂನು ಮಾಪನ ಇಲಾಖೆಗೆ ದೂರು ಸಲ್ಲಿಸಬಹುದು. ನಸುಕಿನಲ್ಲಿ ಹಾಕಿಸಿದರೆ ಎಣ್ಣೆ ಹೆಚ್ಚು ಬರುವುದೆಂದು ಕೆಲವರು ನಂಬಿದ್ದಾರೆ. ತೊಟ್ಟಿ ನೆಲದೊಳಗೆ ಇರುವುದರಿಂದ ಹಗಲಿರುಳಿನ ಉಷ್ಣತೆಯ ಭೇದ ಅಲ್ಲಿಗೆ ಅಷ್ಟಾಗಿ ತಟ್ಟುವುದಿಲ್ಲ. ನಿದ್ದೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಕಪ್ಪತಗುಡ್ಡದ ಆಚೀಚೆಯ ಹಳ್ಳಿಗಳಲ್ಲಿ ಕಂಪನಿಯ ಹೆಸರಿನ ಚರ್ಚೆಗೇ ಅವಕಾಶವಿಲ್ಲದ ಸಂದರ್ಭಗಳುಂಟು. ಪಂಪು ದೂರವಾದುದರಿಂದ ಕಿರಾಣಿ ಅಂಗಡಿಯ ಮುಂದೆ ನೀರಿನ ಸೀಸೆಯಲ್ಲಿ ಪೆಟ್ರೋಲನ್ನಿಟ್ಟು ಮಾರುವುದನ್ನು ಎಷ್ಟೋ ಊರುಗಳಲ್ಲಿ ಕಾಣುತ್ತೇವೆ. ಪರವಾನಿಗೆಯಿಲ್ಲದ ಈ ಮಾರಾಟವು ಕಾಯಿದೆಗೆ ವಿರುದ್ಧ. ಬಿಸಿಲಿಗಿಟ್ಟ ಸೀಸೆಯಲ್ಲಿ ಎಣ್ಣೆಯ ಹಗುರ ಭಾಗ ಆವಿಯಾಗಿ ಹೋಗುತ್ತದೆ, ಅಳತೆಗೆ ಹೊಣೆಗಾರರಿಲ್ಲ, ಏನು ಬೆರೆತಿದೆಯೆಂದು ಕೇಳುವವರಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದೇ ಕಟ್ಟೆಯ ಮೇಲೆ ಬೀಡಿ ಸೇದುವವರು ಕುಳಿತಿರುತ್ತಾರೆ, ಮಕ್ಕಳು ಪೆಪ್ಪರಮಿಂಟಿಗಾಗಿ ನಿಂತಿರುತ್ತಾರೆ. ಮುಂಡರಗಿಗೋ ಶಿರಹಟ್ಟಿಗೋ ಸಂತೆಗೆ ಹೋದ ದಿನವೇ ಟಾಕಿಯನ್ನು ತುಂಬಿಸಿಕೊಂಡು ಬರುವುದಾದರೆ, ವಾರದ ನಡುವೆ ಆ ಸೀಸೆಯ ಮುಂದೆ ನಿಲ್ಲುವ ಪ್ರಸಂಗ ಬಾರದು.