ಸೇನೆಯ ಹೆಲಿಕಾಪ್ಟರ್ ಎಲ್ಲರಿಗೂ ಏಕೆ ಕಾಣಬೇಕು?
2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನಲ್ಲಿ ಇಳಿಯುತ್ತಿದ್ದ ಪ್ರಯಾಣಿಕ ವಿಮಾನಕ್ಕೂ ತರಬೇತಿ ಹಾರಾಟದಲ್ಲಿದ್ದ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್‌ಗೂ ಡಿಕ್ಕಿಯಾಗಿ 67 ಜನ ಸತ್ತರು. ತಾನೆಲ್ಲಿದ್ದೇನೆಂದು ಸುತ್ತಲೂ ಸಾರುವ ಎಡಿಎಸ್‌-ಬಿ ಸಂಕೇತ ಆ ಹೆಲಿಕಾಪ್ಟರ್‌ನಿಂದ ಹೊರಡುತ್ತಲೇ ಇರಲಿಲ್ಲ. ರಾಡಾರ್‌ನಲ್ಲಿ ಕಾಣುತ್ತಿತ್ತಲ್ಲ ಎನ್ನುವವರಿದ್ದಾರೆ. ನಿಜ, ಆದರೆ ಕಂಡದ್ದು ನೆಲದ ಮೇಲಿನ ನಿಯಂತ್ರಕರಿಗೆ. ವಿಮಾನದೊಳಗಿನ ಡಿಕ್ಕಿತಡೆ ಸಾಧನ ಎಚ್ಚರಿಸಿದಾಗ ಉಳಿದಿದ್ದದ್ದು ಸುಮಾರು 20 ಸೆಕೆಂಡ್. ಅಷ್ಟು ಕೆಳಗೆ, ಮೇಲೇರಿ ಎಂದೋ ಇಳಿಯಿರಿ ಎಂದೋ ಅದು ಹೇಳುವುದೇ ಇಲ್ಲ. ಸಂಕೇತ ಕಳಿಸುವುದೂ ಪಡೆಯುವುದೂ ಎರಡೂ ಕಡ್ಡಾಯವಾಗಬೇಕಾದದ್ದು ಪೈಲಟ್‌ಗಳಿಗೆ ಇನ್ನೂ ಮುಂಚೆ ಎಚ್ಚರಿಕೆ ಸಿಗಲೆಂದೇ.

ಶತ್ರುವಿಗೆ ಸುಳಿವು ಸಿಗುತ್ತದೆ ಎಂಬ ಸೇನೆಯ ಆತಂಕ ಸುಳ್ಳಲ್ಲ. ಆದರೆ ಅದು ರಹಸ್ಯ ಕಾರ್ಯಾಚರಣೆಗೆ ಸಲ್ಲುವ ಮಾತು, ತರಬೇತಿಗಲ್ಲ. 2025ರ ಡಿಸೆಂಬರ್‌ನಲ್ಲಿ ಅಮೆರಿಕದ ಸೆನೆಟ್ ಒಪ್ಪಿದ ರೋಟರ್ ಮಸೂದೆ ಸಂಕೇತ ಕಳಿಸದಿರಲು ಸೇನೆಗಿರುವ ವಿನಾಯಿತಿಯನ್ನೇ ಬಿಗಿಗೊಳಿಸುತ್ತದೆ. ಆ ಬಿಗಿ ಸಡಿಲವಾಗಕೂಡದು.